ಅನುಮಾನ ಎಂದರೆ ಬರೀ ಅನುಮಾನವಲ್ಲ

ಪ್ರಥಮ ಪಿಯುಸಿಗೆ ಸೇರುವಾಗ ನಾನು ತರ್ಕಶಾಸ್ತ್ರ ಇರುವ ಕಾಂಬಿನೇಷನ್ ಆರಿಸಿಕೊಂಡೆ. ಆ ವಿಷಯದ ಮೇಲೆ ಆಸಕ್ತಿ ಇತ್ತು ಎಂದಲ್ಲ. ಓದುವುದು ಕಡಿಮೆ, ಅಂಕ ಚೆನ್ನಾಗಿ ಬರುತ್ತದೆ ಎಂದು ಸೀನಿಯರ್‌ಗಳು ಹೇಳಿದ್ದರು, ಅಷ್ಟೇ. ಮನೆಯಲ್ಲಿ ಅಮ್ಮಿ, “ತರ್ಕ ಅಂದ್ರೆ ವಾದ ಮಾಡೋದಲ್ವಾ? ಅದನ್ನ ನಿನಗೆ ಕಾಲೇಜಿನಲ್ಲಿ ಬೇರೆ ಕಲಿಸಬೇಕಾ?” ಎಂದು ನಕ್ಕರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರ ಇರಲಿಲ್ಲ. ಈಗ ಸ್ವಲ್ಪ ಇದೆ. ಆ ಉತ್ತರ ಸಿಕ್ಕಿದ್ದು ಒಂದು ತಪ್ಪಿನಿಂದ. ಆದ್ದರಿಂದ ಮೊದಲು ಆ ತಪ್ಪನ್ನೇ ಹೇಳುತ್ತೇನೆ.

ಕಳೆದ ವರ್ಷ ಸೀನಿಯರ್‌ಗಳ ಬೀಳ್ಕೊಡುಗೆಗೆ ನಮ್ಮ ತರಗತಿಯಿಂದ ತಲಾ 50 ರೂಪಾಯಿಯಂತೆ ಹಣ ಸಂಗ್ರಹಿಸುವ ಕೆಲಸ ನನಗೆ ಬಂದಿತ್ತು. 37 ಜನರಿಂದ 1,850 ರೂಪಾಯಿ ಸೇರಿತ್ತು. ಒಂದು ಮಧ್ಯಾಹ್ನ ಮೈದಾನದಲ್ಲಿ ವಾಲಿಬಾಲ್ ಪಂದ್ಯ. ತರಗತಿಗೆ ತರಗತಿಯೇ ಹೊರಗೆ ಹೋಗಿತ್ತು. ಕಾಲು ಉಳುಕಿದ್ದ ನನ್ನ ಬೆಂಚಿನ ಗೆಳೆಯ ಮಾತ್ರ ಒಳಗೆ ಕುಳಿತಿದ್ದ. ಸಂಜೆ ನೋಡಿದರೆ ಬ್ಯಾಗಿನಲ್ಲಿ ಹಣ ಇಲ್ಲ. “ಯಾರ ಮೇಲಾದರೂ ಅನುಮಾನ ಇದೆಯಾ?” ಎಂದು ಕೇಳಿದವರಿಗೆಲ್ಲ ನಾನು ಅವನ ಹೆಸರು ಹೇಳಿದೆ. “ಕಳ್ಳ ಅಂತ ಹೇಳ್ತಿಲ್ಲ, ಅನುಮಾನ ಅಷ್ಟೇ” ಎಂದು ಸೇರಿಸಿದೆ. ಹಾಗೆ ಸೇರಿಸಿದ್ದರಿಂದ ನಾನು ನ್ಯಾಯವಾಗಿಯೇ ಮಾತಾಡಿದೆ ಎಂದು ನನಗೆ ಸಮಾಧಾನವಿತ್ತು.

ನಾಲ್ಕು ದಿನದ ನಂತರ ಹಣ ಸಿಕ್ಕಿತು. ಅರ್ಥಶಾಸ್ತ್ರದ ನೋಟ್‌ಬುಕ್ಕಿಗೆ ಹಾಕಿದ್ದ ಕಂದು ಕಾಗದದ ಬೈಂಡಿನೊಳಗೆ, ಜೋಪಾನವಾಗಿರಲಿ ಎಂದು ನಾನೇ ಸೇರಿಸಿಟ್ಟು ಮರೆತಿದ್ದೆ. ಗೆಳೆಯನ ಬಳಿ ಹೋಗಿ “ಸಾರಿ ಕಣೋ, ಹಣ ಸಿಕ್ತು” ಎಂದೆ. ಅವನು “ಸರಿ” ಎಂದ. ಮರುದಿನದಿಂದ ಬೇರೆ ಬೆಂಚಿನಲ್ಲಿ ಕುಳಿತ. ತಿಂಗಳುಗಟ್ಟಲೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಕ್ಷಮೆ ಕೇಳಿದ ಮೇಲೂ ಇವನದು ಅತಿಯಾಯಿತು ಎಂದೇ ನಾನು ಅಂದುಕೊಂಡಿದ್ದೆ.

ಹಸು ಮತ್ತು ಮೇಕೆ

ದ್ವಿತೀಯ ಪಿಯುಸಿಯಲ್ಲಿ ಒಂದು ದಿನ ನಮ್ಮ ತರ್ಕಶಾಸ್ತ್ರದ ಸರ್ ಬೋರ್ಡಿನ ಮೇಲೆ ಮೂರು ಸಾಲು ಬರೆದರು.

ಎಲ್ಲಾ ಹಸುಗಳಿಗೂ ನಾಲ್ಕು ಕಾಲುಗಳಿವೆ.
ಈ ಮೇಕೆಗೂ ನಾಲ್ಕು ಕಾಲುಗಳಿವೆ.
ಆದ್ದರಿಂದ ಈ ಮೇಕೆ ಹಸು.

ತರಗತಿಯೆಲ್ಲ ನಕ್ಕಿತು. ಇದರಲ್ಲಿ ತಪ್ಪು ಎಲ್ಲಿದೆ ಎಂದು ಸರ್ ಕೇಳಿದರು. ಮೊದಲ ಎರಡು ಸಾಲುಗಳು ನಿಜವೇ. ಆದರೂ ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ಹಸುಗಳೆಲ್ಲ ನಾಲ್ಕು ಕಾಲಿನ ಪ್ರಾಣಿಗಳ ಗುಂಪಿನ ಒಂದು ಭಾಗ. ಮೇಕೆಯೂ ಆ ಗುಂಪಿನಲ್ಲಿದೆ. ಆದರೆ ಅದೇ ಭಾಗದಲ್ಲಿದೆ ಎಂದು ಯಾರೂ ಹೇಳಿಲ್ಲ. ಎರಡು ಸಾಲುಗಳನ್ನು ಜೋಡಿಸುವ ‘ನಾಲ್ಕು ಕಾಲಿನವು’ ಎಂಬ ಪದಕ್ಕೆ ಮಧ್ಯಪದ ಎಂದು ಹೆಸರು. ಅದು ಒಂದು ಸಲವಾದರೂ ಗುಂಪನ್ನು ಪೂರ್ತಿಯಾಗಿ ಸೂಚಿಸಬೇಕು. ಸೂಚಿಸದಿದ್ದರೆ ಅದು ಅವ್ಯಾಪ್ತ ಮಧ್ಯಪದ ದೋಷ.

ನಾನು ನೋಟ್ಸ್ ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿದೆ. ಏಕೆಂದರೆ ನನ್ನ ತಲೆಯಲ್ಲಿ ಬೇರೆ ಮೂರು ಸಾಲುಗಳು ಬಂದವು.

ಹಣ ತೆಗೆದವನು ಆ ಹೊತ್ತಿನಲ್ಲಿ ತರಗತಿಯಲ್ಲಿ ಇದ್ದವನು.
ನನ್ನ ಗೆಳೆಯ ಆ ಹೊತ್ತಿನಲ್ಲಿ ತರಗತಿಯಲ್ಲಿ ಇದ್ದವನು.
ಆದ್ದರಿಂದ ನನ್ನ ಗೆಳೆಯ ಹಣ ತೆಗೆದವನು.

ಹಸು, ಮೇಕೆ ತೆಗೆದು ಬೇರೆ ಪದಗಳನ್ನು ಹಾಕಿದ್ದೇನೆ, ಅಷ್ಟೇ. ಅಚ್ಚು ಅದೇ. ಅದಕ್ಕಿಂತ ದೊಡ್ಡ ತಪ್ಪು ಮೊದಲ ಸಾಲಿನಲ್ಲೇ ಇತ್ತು. ‘ಹಣ ತೆಗೆದವನು’ ಎನ್ನುವಾಗಲೇ ಯಾರೋ ಒಬ್ಬರು ತೆಗೆದಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಯಾರೂ ತೆಗೆದಿರಲಿಲ್ಲ.

ಅಳತೆಯಿಂದ ಊಹೆಗೆ

ಆ ದಿನ ತರಗತಿ ಮುಗಿದ ಮೇಲೆ ನಾನು ಸರ್ ಬಳಿ ಹೋಗಿ, ಹೆಸರು ಹೇಳದೆ, “ಸರ್, ಒಬ್ಬರ ಮೇಲೆ ಅನುಮಾನ ಪಡೋದು ತಪ್ಪಾ?” ಎಂದು ಕೇಳಿದೆ. ಅವರು ಮರುಪ್ರಶ್ನೆ ಹಾಕಿದರು: “ಯಾವ ಅನುಮಾನ? ಮನೆ ಮಾತಿನದಾ, ಶಾಸ್ತ್ರದ್ದಾ?”

ಅಲ್ಲಿಂದ ನನಗೆ ಈ ವಿಷಯದ ಬಾಗಿಲು ತೆರೆಯಿತು. ಕನ್ನಡದಲ್ಲಿ ಅನುಮಾನ ಎಂದರೆ ಸಂಶಯ, ಶಂಕೆ. “ಅವನಿಗೆ ಎಲ್ಲದರಲ್ಲೂ ಅನುಮಾನ” ಎನ್ನುತ್ತೇವೆ. ಆದರೆ ಗೌತಮನ ನ್ಯಾಯಸೂತ್ರದಲ್ಲಿ ಅನುಮಾನ ಎಂದರೆ ಸಂಶಯದ ವಿರುದ್ಧ ದಿಕ್ಕಿನದು. ಅದು ನಿಶ್ಚಿತ ಜ್ಞಾನಕ್ಕೆ ಕರೆದೊಯ್ಯುವ ದಾರಿ. ನ್ಯಾಯದರ್ಶನದವರು ಜ್ಞಾನಕ್ಕೆ ನಾಲ್ಕು ಸಾಧನಗಳನ್ನು ಒಪ್ಪುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಕಂಡದ್ದರ ಆಧಾರದಿಂದ ಕಾಣದ್ದನ್ನು ತಿಳಿಯುವುದು ಅನುಮಾನ.

ಅವರ ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತು. ಬೆಟ್ಟದಲ್ಲಿ ಬೆಂಕಿ ಇದೆ, ಏಕೆಂದರೆ ಹೊಗೆ ಕಾಣುತ್ತಿದೆ. ಎಲ್ಲೆಲ್ಲಿ ಹೊಗೆ ಇದೆಯೋ ಅಲ್ಲಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಇರುವಂತೆ. ಇಲ್ಲಿ ಬೆಟ್ಟ ಪಕ್ಷ, ಬೆಂಕಿ ಸಾಧ್ಯ, ಹೊಗೆ ಹೇತು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ತಪ್ಪದ ಸಂಬಂಧ ವ್ಯಾಪ್ತಿ. ಈ ವ್ಯಾಪ್ತಿ ಇಲ್ಲದಿದ್ದರೆ ಅನುಮಾನವೇ ಇಲ್ಲ. ಇದನ್ನೇ ತಿರುಗಿಸಿ “ಅಲ್ಲಿ ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ” ಎಂದರೆ ಆಗುವುದಿಲ್ಲ. ಕಾದು ಕೆಂಪಾದ ಕಬ್ಬಿಣದಲ್ಲಿ ಬೆಂಕಿ ಇರುತ್ತದೆ, ಹೊಗೆ ಇರುವುದಿಲ್ಲ. ಹೀಗೆ ಒಂದೇ ಕಡೆ ನಿಲ್ಲದೆ ಎರಡೂ ಕಡೆ ಕಾಣಿಸಿಕೊಳ್ಳುವ ಹೇತುವನ್ನು ಅನೈಕಾಂತಿಕ ಎಂದು ಕರೆದು, ಅದನ್ನು ಹೇತ್ವಾಭಾಸಗಳ ಪಟ್ಟಿಗೆ ಸೇರಿಸಿದ್ದಾರೆ. ಹೇತ್ವಾಭಾಸ ಎಂದರೆ ಹೇತುವಿನಂತೆ ಕಾಣುವುದು, ಆದರೆ ಹೇತುವಲ್ಲ.

‘ತರಗತಿಯಲ್ಲಿ ಒಬ್ಬನೇ ಇದ್ದ’ ಎಂಬ ನನ್ನ ಹೇತುವೂ ಅಂಥದ್ದೇ. ಒಬ್ಬನೇ ಇದ್ದು ಕದಿಯುವವರೂ ಇರಬಹುದು. ಒಬ್ಬರೇ ಇದ್ದೂ ಏನನ್ನೂ ಮುಟ್ಟದವರು ಎಷ್ಟೋ ಜನ. ಶಾಸ್ತ್ರದ ಅರ್ಥದಲ್ಲಿ ಹೇಳುವುದಾದರೆ ನನ್ನಲ್ಲಿ ಅವನ ಮೇಲೆ ಅನುಮಾನವೇ ಇರಲಿಲ್ಲ. ಇದ್ದದ್ದು ಊಹೆ.

ಅನುಮಾನ ಎಂಬ ಪದದಲ್ಲಿರುವ ‘ಮಾನ’ಕ್ಕೂ ಪ್ರಮಾಣ, ಪರಿಮಾಣ, ಮಾಪನ ಎಂಬ ಪದಗಳಿಗೂ ಮೂಲ ಒಂದೇ. ಅದು ಅಳತೆಯನ್ನು ಹೇಳುವ ಧಾತು. ನನಗೆ ಹೆಚ್ಚು ಆಶ್ಚರ್ಯವಾದದ್ದು ಅರಬಿಯ ಖಿಯಾಸ್ ಎಂಬ ಪದವೂ ಅಳತೆಯಿಂದಲೇ ಬಂದದ್ದು ಎಂದು ತಿಳಿದಾಗ. ಅರಬಿ ತರ್ಕಶಾಸ್ತ್ರದಲ್ಲಿ, ಅಂದರೆ ಮಂತಿಕ್‌ನಲ್ಲಿ, ಎರಡು ಆಧಾರವಾಕ್ಯಗಳಿಂದ ಒಂದು ತೀರ್ಮಾನಕ್ಕೆ ಬರುವ ಸಿಲಾಜಿಸಂಗೆ ಖಿಯಾಸ್ ಎಂದು ಹೆಸರು. ಫಿಕ್ಹ್‌ನಲ್ಲಿ ಖಿಯಾಸ್ ಎಂದರೆ ಸ್ವಲ್ಪ ಬೇರೆ. ದ್ರಾಕ್ಷಿಯ ಮದ್ಯಕ್ಕೆ ಇರುವ ನಿಷೇಧವನ್ನು, ಅಮಲು ಎಂಬ ಅದೇ ಕಾರಣ ಇರುವ ಬೇರೆ ಪದಾರ್ಥಕ್ಕೂ ಅನ್ವಯಿಸುವುದು ಅದರ ಪ್ರಸಿದ್ಧ ಉದಾಹರಣೆ. ಆದರೆ ನಮ್ಮ ಮನೆಯ ಉರ್ದುವಿನಲ್ಲಿ ಖಿಯಾಸ್ ಎಂದರೆ ಏನು? ಬರೀ ಅಂದಾಜು, ಊಹೆ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಕ್ಕೂ ಅರಬಿಯಿಂದ ಉರ್ದುವಿಗೆ ಬಂದ ಪದಕ್ಕೂ ಒಂದೇ ಗತಿ ಆಗಿದೆ. ಶಾಸ್ತ್ರದಲ್ಲಿ ಅಳೆದು ಹೇಳುವುದು, ಬೀದಿಗೆ ಬಂದಾಗ ಅಳೆಯದೆ ಹೇಳುವುದು.

ಎರಡು ಬದುಕಿನ ಪದಗಳು

ಇದಾದ ಮೇಲೆ ನಾನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಂಥ ಪದಗಳನ್ನು ಬರೆದಿಡಲು ಶುರುಮಾಡಿದೆ. ಪರೀಕ್ಷೆಗೆ ಓದುವ ಗೆಳೆಯರಿಗೂ ಉಪಯೋಗವಾಗಬಹುದು.

ಪಕ್ಷ ಎಂದರೆ ನಮಗೆ ಚುನಾವಣೆಯ ಪಕ್ಷ ಅಥವಾ ಹದಿನೈದು ದಿನ. ನ್ಯಾಯದಲ್ಲಿ, ಯಾವುದರ ಬಗ್ಗೆ ಸಾಧಿಸಬೇಕೋ ಅದು ಪಕ್ಷ. ಪ್ರತಿಜ್ಞೆ ಎಂದರೆ ಶಪಥ. ಅಲ್ಲಿ, ಮುಂದೆ ಸಾಧಿಸಿ ತೋರಿಸಬೇಕಾದ ಹೇಳಿಕೆ. ಪ್ರಮಾಣ ಎಂದರೆ ಆಣೆ ಅಥವಾ ಪ್ರಮಾಣಪತ್ರ. ಅಲ್ಲಿ, ಜ್ಞಾನದ ಸಾಧನ. ಶಬ್ದ ಎಂದರೆ ಗದ್ದಲ. ಅಲ್ಲಿ, ನಂಬಲರ್ಹರು ಹೇಳಿದ ಮಾತು. ಸಾಧ್ಯ ಎಂದರೆ ಆಗಬಹುದಾದದ್ದು. ಅಲ್ಲಿ, ಸಾಧಿಸಬೇಕಾದದ್ದು. ವ್ಯಾಪ್ತಿ ಎಂದರೆ ಪೊಲೀಸ್ ಠಾಣೆಯ ವ್ಯಾಪ್ತಿ. ಅಲ್ಲಿ, ಹೊಗೆಗೂ ಬೆಂಕಿಗೂ ಇರುವಂಥ ಬಿಡದ ನಂಟು. ರಜಾ ಅರ್ಜಿಯ ಕೆಳಗೆ “ತಮ್ಮ ವಿಧೇಯ ವಿದ್ಯಾರ್ಥಿ” ಎಂದು ಬರೆಯುತ್ತೇವೆ. ತರ್ಕವಾಕ್ಯದಲ್ಲಿ ವಿಧೇಯ ಎಂದರೆ ಉದ್ದೇಶ್ಯದ ಬಗ್ಗೆ ಏನನ್ನು ಹೇಳಲಾಗಿದೆಯೋ ಅದು.

ಸಂಸ್ಕೃತದ ಪದಗಳು ಮಾತ್ರ ಹೀಗೆ ಎಂದುಕೊಳ್ಳಬೇಡಿ. ತೀರ ಸಣ್ಣ ಕನ್ನಡ ಪದಗಳೂ ತರ್ಕಶಾಸ್ತ್ರಕ್ಕೆ ಬಂದಾಗ ಬಿಗಿಯಾಗುತ್ತವೆ. “ಕೆಲವರು ಪಾಸಾದರು” ಎಂದು ಯಾರಾದರೂ ಹೇಳಿದರೆ, ಕೆಲವರು ಫೇಲಾಗಿದ್ದಾರೆ ಎಂದು ನಾವು ತಿಳಿಯುತ್ತೇವೆ. ತರ್ಕದಲ್ಲಿ ಕೆಲವು ಎಂದರೆ ಕನಿಷ್ಠ ಒಂದು. ಎಲ್ಲರೂ ಪಾಸಾಗಿದ್ದರೂ ಆ ವಾಕ್ಯ ಸತ್ಯವೇ. ‘ಅಥವಾ’ ಕೂಡ ಹಾಗೆಯೇ. “ಟೀ ಅಥವಾ ಕಾಫಿ” ಎಂದು ಕೇಳಿದವರು ಎರಡನ್ನೂ ಕೊಡುವುದಿಲ್ಲ. “ಆಧಾರ್ ಅಥವಾ ಪಡಿತರ ಚೀಟಿ ತನ್ನಿ” ಎಂದ ಆಫೀಸಿನವರು ಎರಡನ್ನೂ ತಂದವರನ್ನು ವಾಪಸ್ ಕಳಿಸುವುದಿಲ್ಲ. ನಾವು ಓದುವ ಸಾಂಕೇತಿಕ ತರ್ಕದಲ್ಲಿ ‘ಅಥವಾ’ದ ಚಿಹ್ನೆ ಎರಡನೆಯ ಅರ್ಥವನ್ನು ಮಾತ್ರ ಇಟ್ಟುಕೊಂಡಿದೆ. 1879ರಲ್ಲಿ ಜರ್ಮನಿಯ ಗಾಟ್ಲೊಬ್ ಫ್ರೆಗೆ ತರ್ಕಕ್ಕಾಗಿಯೇ ಒಂದು ಹೊಸ ಲಿಪಿಯನ್ನು ರಚಿಸಿ ಪುಸ್ತಕ ಪ್ರಕಟಿಸಿದ್ದಕ್ಕೆ ಒಂದು ಕಾರಣ ಇದೇ. ದಿನಬಳಕೆಯ ಪದಗಳು ನಮಗೆ ಗೊತ್ತಿಲ್ಲದಂತೆ ಅರ್ಥ ಬದಲಿಸುತ್ತವೆ.

ಹದ್ದು ಮತ್ತು ಸುಲಹ್

ನನ್ನ ಮಾಮು ಚಿಕ್ಕವರಿದ್ದಾಗ ಕೆಲವು ವರ್ಷ ಅರಬಿ ಮದ್ರಸಾದಲ್ಲಿ ಓದಿದವರು. ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ರಜೆಯಲ್ಲಿ ಅವರ ಅಂಗಡಿಯಲ್ಲಿ ಕುಳಿತಿದ್ದಾಗ ನನ್ನ ಪುಸ್ತಕವನ್ನು ತಿರುವಿಹಾಕಿದರು. “ಇದು ನಮ್ಮ ಈಸಾಗೂಜಿ ಅಲ್ವೇನೋ!” ಎಂದರು. ಈಸಾಗೂಜಿ ಎಂಬುದು 13ನೇ ಶತಮಾನದ ಅಸೀರುದ್ದೀನ್ ಅಬ್ಹರಿ ಬರೆದ ಪುಟ್ಟ ತರ್ಕಗ್ರಂಥ. ಗ್ರೀಕ್‌ನಲ್ಲಿ ಪೋರ್ಫಿರಿ ಬರೆದ ಐಸಗೋಗೆ, ಅಂದರೆ ಪ್ರವೇಶಿಕೆ, ಎಂಬ ಕೃತಿಯ ಹೆಸರನ್ನೇ ಅರಬಿಯಲ್ಲಿ ಉಳಿಸಿಕೊಂಡಿದ್ದಾರೆ. ಮಾಮು ಇನ್ನೂ ಮರೆತಿರಲಿಲ್ಲ. ನಾವು ಪಕ್ಷವಾಕ್ಯ, ಸಾಧ್ಯವಾಕ್ಯ, ಮಧ್ಯಪದ ಎನ್ನುವುದನ್ನು ಅವರು ಸುಗ್ರಾ, ಕುಬ್ರಾ, ಹದ್ದೆ ಔಸತ್ ಎಂದು ಬೆರಳು ಮಡಚುತ್ತಾ ಹೇಳಿದರು.

“ಹದ್ದ್ ಅಂದ್ರೆ ಏನು ಮಾಮು?” ಎಂದೆ. “ಹೊಲದ ಹದ್ದುಬಸ್ತು ಮಾಡಿಸ್ತಾರಲ್ಲ, ಅದೇ ಹದ್ದು. ಗಡಿ” ಎಂದರು.

ಕನ್ನಡದ ಹದ್ದು, ಹದ್ದುಮೀರು, ಹದ್ದುಬಸ್ತು ಎಲ್ಲವೂ ಆ ಅರಬಿ ಪದದಿಂದ ಬಂದವು. ಆಮೇಲೆ ಸರ್ ಹೇಳಿದರು: ಅರಿಸ್ಟಾಟಲ್ ತರ್ಕಪದಕ್ಕೆ ಬಳಸಿದ ಹೋರೋಸ್ ಎಂಬ ಗ್ರೀಕ್ ಮಾತಿಗೂ ಗಡಿ ಎಂದೇ ಅರ್ಥ. ಅದನ್ನು ಲ್ಯಾಟಿನ್‌ನವರು ಟರ್ಮಿನುಸ್ ಎಂದರು. ಅದೂ ಗಡಿಯೇ. ಇಂಗ್ಲಿಷಿನ ಟರ್ಮ್ ಅಲ್ಲಿಂದ ಬಂತು. ಮೂರು ಭಾಷೆಯವರು ಪಾರಿಭಾಷಿಕ ಪದವನ್ನು ಹೊಲದ ಗಡಿಕಲ್ಲಿಗೆ ಹೋಲಿಸಿದ್ದಾರೆ. ಕಲ್ಲು ನೆಟ್ಟ ಮೇಲೆ ಇದು ನಿನ್ನದು, ಇದು ನನ್ನದು ಎಂಬ ಜಗಳ ಇರುವುದಿಲ್ಲ. ಪದದ ಗಡಿ ಹಾಕಿದ ಮೇಲೆ ಇದು ಇದರೊಳಗೆ ಬರುತ್ತದೆ, ಇದು ಬರುವುದಿಲ್ಲ ಎಂದು ಹೇಳಬಹುದು.

ಇನ್ನೊಂದು ಪದವನ್ನೂ ಮಾಮು ಹೇಳಿದರು. ಪಾರಿಭಾಷಿಕ ಪದಕ್ಕೆ ಅರಬಿಯಲ್ಲಿ, ಉರ್ದುವಿನಲ್ಲಿ ಇಸ್ತಿಲಾಹ್ ಎನ್ನುತ್ತಾರೆ. ಸುಲಹ್ ಎಂಬ ಪದದ ಮೂಲವೇ ಇದಕ್ಕೂ ಮೂಲ. ಸುಲಹ್ ಎಂದರೆ ರಾಜಿ, ಸಂಧಾನ. ಇಸ್ತಿಲಾಹ್ ಎಂದರೆ ಒಂದು ವಿದ್ಯೆಯವರು ಸೇರಿ, ಈ ಪದವನ್ನು ಈ ಅರ್ಥದಲ್ಲಿ ಬಳಸೋಣ ಎಂದು ಮಾಡಿಕೊಂಡ ಒಪ್ಪಂದ. ಒಪ್ಪಂದವಾದ ಮೇಲೆ ಪದಕ್ಕಾಗಿ ಜಗಳ ಬೇಡ ಎಂಬ ಅರ್ಥದ ಮಾತೊಂದು ಅರಬಿ ವಿದ್ವಾಂಸರಲ್ಲಿ ಪ್ರಸಿದ್ಧವಾಗಿದೆ.

ಈ ಒಪ್ಪಂದ ಸುಲಭವಾಗಿ ಆದದ್ದಲ್ಲ. 9, 10ನೇ ಶತಮಾನಗಳಲ್ಲಿ ಬಗ್ದಾದಿನ ಅನುವಾದಕರು ಅರಿಸ್ಟಾಟಲ್‌ನ ಗ್ರಂಥಗಳನ್ನು ಅರಬಿಗೆ ತರುವಾಗ ಒಂದು ತೊಡಕು ಎದುರಾಯಿತು. ತರ್ಕವಾಕ್ಯದಲ್ಲಿ ಉದ್ದೇಶ್ಯ ಮತ್ತು ವಿಧೇಯಗಳನ್ನು ಜೋಡಿಸಲು ಗ್ರೀಕ್‌ನಲ್ಲಿ ಒಂದು ಕ್ರಿಯಾಪದ ಇದೆ. ಅರಬಿಯಲ್ಲಿ “ಜೈದ್ ವಿದ್ವಾಂಸ” ಎಂದರೆ ಸಾಕು, ನಡುವೆ ಏನೂ ಬೇಕಿಲ್ಲ. ಅದಕ್ಕೆ ಅವರು ‘ಅವನು’ ಎಂಬ ಅರ್ಥದ ಹುವ ಎಂಬುದನ್ನೋ, ‘ಸಿಕ್ಕಿದ್ದು, ಇರುವುದು’ ಎಂಬ ಅರ್ಥದ ಮೌಜೂದ್ ಎಂಬುದನ್ನೋ ಆ ಜಾಗಕ್ಕೆ ತಂದು ಕೂರಿಸಿದರು. ಕೇಳುವವರಿಗೆ ಅದು ವಿಚಿತ್ರವಾಗಿತ್ತು. ಅರಿಸ್ಟಾಟಲ್‌ನ ನಂತರದ ‘ಎರಡನೆಯ ಗುರು’ ಎಂದು ಹೆಸರಾದ ಅಲ್ ಫಾರಾಬಿ ಈ ತೊಡಕನ್ನು ವಿವರವಾಗಿ ಚರ್ಚಿಸಿದರು. ತರ್ಕದಲ್ಲಿ ಬಳಕೆಯಾಗುವ ಪದಗಳ ಬಗ್ಗೆಯೇ ಒಂದು ಪುಸ್ತಕವನ್ನೂ ಬರೆದರು. ಅವರು ತೀರಿಕೊಂಡದ್ದು 950ರಲ್ಲಿ.

ನಮ್ಮ ಕನ್ನಡದ್ದೂ ಇದೇ ಕಥೆ. “ಅವನು ನನ್ನ ಗೆಳೆಯ” ಎಂದರೆ ವಾಕ್ಯ ಪೂರ್ತಿಯಾಯಿತು. ಆದರೆ ತರ್ಕಶಾಸ್ತ್ರದ ನೋಟ್ಸಿನಲ್ಲಿ “ಎಲ್ಲಾ ಮನುಷ್ಯರು ಮರ್ತ್ಯರಾಗಿದ್ದಾರೆ” ಎಂದು ಬರೆಯುತ್ತೇವೆ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಇದೆಂಥ ಕನ್ನಡ ಎಂದು ನಾವು ಹಿಂದಿನ ಬೆಂಚಿನಲ್ಲಿ ನಗುತ್ತಿದ್ದೆವು. ಈಗ ನಗು ಬರುವುದಿಲ್ಲ. ಆ ‘ಆಗಿದ್ದಾರೆ’ ಎಂಬುದು ಯಾವುದು ಉದ್ದೇಶ್ಯ, ಯಾವುದು ವಿಧೇಯ ಎಂದು ತೋರಿಸಲು ನೆಟ್ಟ ಕಲ್ಲು.

ಸಿಂಧು ಬೇರೆ, ಸತ್ಯ ಬೇರೆ

ಇಷ್ಟೆಲ್ಲ ಪದಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಿಂಧು ಎಂಬುದು. ಬಸ್ ಪಾಸಿನ ಮೇಲೆ ಇಂಥ ದಿನಾಂಕದವರೆಗೆ ಸಿಂಧು ಎಂದಿರುತ್ತದೆ. ಅಂದರೆ ಚಲಾವಣೆಯಲ್ಲಿದೆ, ನಡೆಯುತ್ತದೆ ಎಂದು. ತರ್ಕದಲ್ಲಿ ಸಿಂಧು ಎಂಬುದನ್ನು ಒಂದು ವಾಕ್ಯಕ್ಕೆ ಹೇಳುವುದಿಲ್ಲ, ವಾದಕ್ಕೆ ಹೇಳುತ್ತೇವೆ. ಸತ್ಯ, ಅಸತ್ಯ ಎಂಬುದನ್ನು ವಾದಕ್ಕೆ ಹೇಳುವುದಿಲ್ಲ, ವಾಕ್ಯಕ್ಕೆ ಹೇಳುತ್ತೇವೆ. ಆಧಾರವಾಕ್ಯಗಳು ಸತ್ಯವಾಗಿದ್ದರೆ ತೀರ್ಮಾನ ಅಸತ್ಯವಾಗಲು ಸಾಧ್ಯವೇ ಇಲ್ಲ ಎಂಬಂತಿದ್ದರೆ ಆ ವಾದ ಸಿಂಧು.

ಎಲ್ಲಾ ಮೀನುಗಳು ಮರ ಹತ್ತುತ್ತವೆ, ಬಂಗುಡೆ ಮೀನು, ಆದ್ದರಿಂದ ಬಂಗುಡೆ ಮರ ಹತ್ತುತ್ತದೆ. ಮೊದಲ ವಾಕ್ಯ ಅಸತ್ಯ, ತೀರ್ಮಾನವೂ ಅಸತ್ಯ. ಆದರೆ ವಾದ ಸಿಂಧು. ಇನ್ನೊಂದು: ಎಲ್ಲಾ ಹಸುಗಳಿಗೂ ನಾಲ್ಕು ಕಾಲುಗಳಿವೆ, ಗೌರಿಗೂ ನಾಲ್ಕು ಕಾಲುಗಳಿವೆ, ಆದ್ದರಿಂದ ಗೌರಿ ಹಸು. ಗೌರಿ ನಿಜವಾಗಿಯೂ ಪಕ್ಕದ ಮನೆಯ ಹಸುವೇ ಆಗಿರಬಹುದು. ಮೂರು ವಾಕ್ಯಗಳೂ ಸತ್ಯ. ಆದರೂ ವಾದ ಅಸಿಂಧು. ಗೌರಿ ಹಸುವಾದದ್ದು ನಮ್ಮ ವಾದದಿಂದಲ್ಲ.

ಈ ಎರಡನೆಯ ಉದಾಹರಣೆಯಲ್ಲಿ ನನ್ನ ಉತ್ತರ ಇತ್ತು. ಹಣ ಸಿಕ್ಕಿದಾಗ ನಾನು ಏನೆಂದು ಕ್ಷಮೆ ಕೇಳಿದ್ದೆ? “ಸಾರಿ, ಹಣ ಸಿಕ್ತು” ಎಂದು. ಅಂದರೆ ಹಣ ಸಿಕ್ಕಿದ್ದರಿಂದ ನನ್ನ ತೀರ್ಮಾನ ಅಸತ್ಯ ಎಂದು ಗೊತ್ತಾಯಿತು, ಅದಕ್ಕೆ ಸಾರಿ. ಹಣ ಸಿಗದೇ ಹೋಗಿದ್ದರೆ? ಆಗ ಕ್ಷಮೆಯೂ ಇರುತ್ತಿರಲಿಲ್ಲ. ಆದರೆ ನನ್ನ ವಾದ ಅಸಿಂಧುವಾದದ್ದು ಹಣ ಸಿಕ್ಕಿದ ದಿನವಲ್ಲ. ಅವನ ಹೆಸರು ಹೇಳಿದ ದಿನವೇ ಅದು ಅಸಿಂಧುವಾಗಿತ್ತು. ಅಕಸ್ಮಾತ್ ಅವನೇ ಹಣ ತೆಗೆದಿದ್ದರೂ, ನನ್ನ ಬಳಿ ಇದ್ದ ಆಧಾರದಿಂದ ಹಾಗೆ ಹೇಳುವ ಹಕ್ಕು ನನಗೆ ಇರಲಿಲ್ಲ. ನಾನು ತಪ್ಪಾಗಿ ಊಹಿಸಿದ್ದಕ್ಕೆ ಕ್ಷಮೆ ಕೇಳಿದ್ದೆ, ಊಹೆಯನ್ನೇ ಜನರ ಮುಂದೆ ಇಟ್ಟದ್ದಕ್ಕೆ ಕೇಳಿರಲಿಲ್ಲ.

ಒಂದು ಶನಿವಾರ ಬಸ್ ನಿಲ್ದಾಣದಲ್ಲಿ ಅವನು ಒಬ್ಬನೇ ನಿಂತಿದ್ದಾಗ ಹೋಗಿ ಇದನ್ನೇ ಹೇಳಿದೆ. ಸಿಂಧು, ಅಸಿಂಧು ಎಂಬ ಪದ ಬಳಸಲಿಲ್ಲ. “ಹಣ ಸಿಗದೇ ಇದ್ರೂ ನಾನು ಹಾಗೆ ಹೇಳಬಾರದಿತ್ತು” ಎಂದೆ, ಅಷ್ಟೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನೀನು ಕಳ್ಳ ಅಂದಿದ್ರೆ, ಹೇಗೆ ಹೇಳ್ತೀಯ ಅಂತ ನಾನು ಕೇಳ್ತಿದ್ದೆ. ಅನುಮಾನ ಅಷ್ಟೇ ಅಂದೆ ನೋಡು, ಅದಕ್ಕೆ ನಾನು ಏನು ಉತ್ತರ ಕೊಡ್ಲಿ?” ಎಂದ.

ಅವನು ತರ್ಕಶಾಸ್ತ್ರದಲ್ಲಿ ನನಗಿಂತ ಕಡಿಮೆ ಅಂಕ ತೆಗೆಯುತ್ತಾನೆ. ಆದರೆ ವಿಷಯದ ತಿರುಳನ್ನು ಅವನೇ ಹೇಳಿದ. ಮನೆ ಮಾತಿನ ಅನುಮಾನ ಕಾರಣ ಕೊಡುವ ಹೊಣೆಯಿಂದ ತಪ್ಪಿಸಿಕೊಳ್ಳುವ ಪದ. ಶಾಸ್ತ್ರದ ಅನುಮಾನ ಕಾರಣ ಕೊಡಲೇಬೇಕಾದ ಪದ. ಪಾರಿಭಾಷಿಕ ಪದಗಳು ಕಷ್ಟ ಎಂದು ನಾವು ಗೊಣಗುತ್ತೇವೆ. ಅವು ಹೇಳುವವನ ಮೇಲೆ ಹೊಣೆ ಹೊರಿಸುತ್ತವೆ, ಕಷ್ಟ ಅಲ್ಲಿಂದ ಬರುತ್ತದೆ.

ಅಮ್ಮಿಯ ಪ್ರಶ್ನೆಗೆ

ತರ್ಕ ಎಂದರೆ ವಾದ ಮಾಡುವುದಾ ಎಂದು ಅಮ್ಮಿ ಕೇಳಿದ್ದರು. ಹಲವು ಭಾಷೆಗಳಲ್ಲಿ ಕಾರಣ ಕೊಡುವ ಪದಗಳು ಜಗಳದ ಪದಗಳಾಗಿಬಿಟ್ಟಿವೆ. ಕನ್ನಡದಲ್ಲಿ ವಾದ ಎಂದರೆ ಜಗಳಕ್ಕೆ ಹತ್ತಿರ. ಇಂಗ್ಲಿಷಿನ ಆರ್ಗ್ಯುಮೆಂಟ್ ಕೂಡ ಹಾಗೆಯೇ. ಅರಬಿಯ ಹುಜ್ಜತ್ ಎಂದರೆ ಪ್ರಮಾಣ, ಆಧಾರ. ನಮ್ಮ ಉರ್ದುವಿನಲ್ಲಿ ಹುಜ್ಜತ್ ಮಾಡುವುದು ಎಂದರೆ ಸುಮ್ಮನೆ ಜಗ್ಗಾಡುವುದು. ತಕರಾರು ಎಂಬ ಪದಕ್ಕೆ ಅರಬಿಯಲ್ಲಿ ಪುನರಾವರ್ತನೆ ಎಂದಷ್ಟೇ ಅರ್ಥ. ಹೇಳಿದ್ದನ್ನೇ ಹೇಳುತ್ತಿದ್ದರೆ ಅದು ತಕರಾರೇ ಆಗುತ್ತದಲ್ಲ!

ನ್ಯಾಯದರ್ಶನದವರು ಇದನ್ನು ಮೊದಲೇ ಬೇರ್ಪಡಿಸಿದ್ದರು. ಸತ್ಯ ತಿಳಿಯಲು ನಡೆಸುವ ಚರ್ಚೆ ವಾದ. ಗೆಲ್ಲಲೇಬೇಕು ಎಂದು ನಡೆಸುವುದು ಜಲ್ಪ. ತನ್ನದು ಎಂದು ಏನನ್ನೂ ಹೇಳದೆ ಎದುರಿನವನದನ್ನು ಕೆಡವುವುದು ವಿತಂಡ. ನಾವು ಕ್ಯಾಂಟೀನಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಮಾಡುವುದರಲ್ಲಿ ಹೆಚ್ಚಿನದು ಎರಡನೆಯದು, ಮೂರನೆಯದು. ಹೆಸರು ಮಾತ್ರ ಮೊದಲನೆಯದು.

ಮಂತಿಕ್‌ನ ಪುಸ್ತಕಗಳು ತಸವ್ವುರ್, ತಸ್ದೀಖ್ ಎಂಬ ಎರಡು ಪದಗಳಿಂದ ಶುರುವಾಗುತ್ತವೆ ಎಂದು ಮಾಮು ಹೇಳಿದ್ದರು. ಮೊದಲನೆಯದು ಒಂದು ವಿಷಯ ಏನೆಂದು ಮನಸ್ಸಿಗೆ ತಂದುಕೊಳ್ಳುವುದು. ಎರಡನೆಯದು ಅದು ಹೌದು ಅಥವಾ ಅಲ್ಲ ಎಂದು ನಿರ್ಣಯಿಸುವುದು. ಕ್ರಮ ಯಾವಾಗಲೂ ಹೀಗೇ. ತಸವ್ವುರ್ ಇಲ್ಲದೆ ತಸ್ದೀಖ್ ಇಲ್ಲ.

ಆದ್ದರಿಂದ ನಾನು ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾರಾದರೂ ಒಬ್ಬರ ಬಗ್ಗೆ, ಒಂದು ಗುಂಪಿನ ಬಗ್ಗೆ, ಒಂದು ಸುದ್ದಿಯ ಬಗ್ಗೆ ಗಟ್ಟಿಯಾಗಿ ಏನಾದರೂ ಹೇಳಿದರೆ, ಅಥವಾ ನನಗೇ ಹೇಳಬೇಕೆನಿಸಿದರೆ, ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಿದ್ದೇನೆ? ಹೇತು ಏನು? ಆ ಹೇತು ಇದ್ದಲ್ಲೆಲ್ಲ ಈ ತೀರ್ಮಾನ ಇರುತ್ತದೆಯೇ, ಅಥವಾ ಹಸು ಮೇಕೆಯ ಕಥೆಯೇ? ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಹೆಚ್ಚಿನ ಸಲ ಬಾಯಿ ಮುಚ್ಚಿಕೊಳ್ಳುವುದೇ ಒಳ್ಳೆಯದು ಎನಿಸುತ್ತದೆ.

ಮೊನ್ನೆ ಮನೆಗೆ ಹೋದಾಗ ಅಮ್ಮಿಗೆ ಇದನ್ನೆಲ್ಲ ಹೇಳಿದೆ. ಅವರು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು, “ಅಂದ್ರೆ ಮಾತಾಡೋಕೆ ಮುಂಚೆ ಅಳೆದು ನೋಡೋದು ಅನ್ನು” ಎಂದರು. ಹೌದು ಅಮ್ಮಿ, ಅಷ್ಟೇ.

ಗೆಳೆಯ ಇನ್ನೂ ಹಳೆಯ ಬೆಂಚಿಗೆ ಬಂದಿಲ್ಲ. ಆದರೆ ಕಳೆದ ಕಿರುಪರೀಕ್ಷೆಗೆ ಮುಂಚೆ ಹೇತ್ವಾಭಾಸಗಳ ನೋಟ್ಸ್ ಕೇಳಿ ಪಡೆದುಕೊಂಡ.